ಮೊದಲ ತೋಟಾ

ಬರ್ಡೆಟ್‌ನ ಕೋವಿ ಅಂಗಡಿಗೆ ಟ್ವೈಲಾ ಕಾಲಿಟ್ಟ ಕೂಡಲೇ ಕಾಫಿ ಪಾತ್ರೆಯ ಸುತ್ತ ಕೂತಿದ್ದ ನಾಲ್ವರು ಗಂಡಸರ ಮಾತು ನಿಂತಿತು. ನಿಲ್ಲದೆ ಇನ್ನೇನು, ಆಡುತ್ತಿದ್ದದ್ದೇ ಅವಳ ಮಾತು. ಎಂಟು ತಿಂಗಳಿಂದ ಕಾಟನ್‌ವುಡ್ ಕಣಿವೆಯಲ್ಲಿ ಅವಳಿಗೆ ಇದು ಅಭ್ಯಾಸವಾಗಿಹೋಗಿತ್ತು. ಅಂಚೆ ಕಚೇರಿ ಇರಲಿ, ಚರ್ಚಿನ ಮೆಟ್ಟಿಲಿರಲಿ, ಅವಳು ಬಂದರೆ ಎಲ್ಲರ ಬಾಯಿಗೂ ಬೀಗ, ಬೆನ್ನು ತಿರುಗಿಸಿದರೆ ಗುಸುಗುಸು. ಗಂಡನ ಕೈಗೆ ಆಟಿಕೆ ಕೊಟ್ಟು ಕರಡಿಯ ಬಾಯಿಗೆ ಕಳಿಸಿದವಳು ಎಂದು ಅವಳಿಗೆ ಹೆಸರು ಬಿದ್ದಿತ್ತು.

ಆ ಹೆಸರು ಇಟ್ಟವನು ಹೊರಗಿನವನಲ್ಲ, ಸ್ವಂತ ಮಾವ ಆರ್ವೆಲ್ ಮೀಚಮ್. ಅವನ ಮಗ, ಟ್ವೈಲಾಳ ಗಂಡ ಲೋರಿನ್, ಹದಿನಾರು ಬೇಸಿಗೆ ಆ ಕಣಿವೆಯ ಒಂಬತ್ತು ಮನೆಗಳ ದನಗಳನ್ನು ಮೇಲಿನ ಕಾಡಿನ ಹುಲ್ಲುಗಾವಲಲ್ಲಿ ಕುದುರೆ ಮೇಲೆ ಕಾದವನು. ಅಲ್ಲಿ ಗ್ರಿಜ್ಲಿ ಕರಡಿಗಳಿವೆ, ದನ ಇದ್ದಲ್ಲಿಗೆ ಅವು ಬಂದೇ ಬರುತ್ತವೆ. ಹೋದ ಆಗಸ್ಟಿನಲ್ಲಿ ಕುದುರೆ ಮೈಮೇಲೆ ಬಿದ್ದು ಲೋರಿನ್‌ನ ಬಲಗೈ ಮಣಿಕಟ್ಟು ನುಜ್ಜುಗುಜ್ಜಾಯಿತು. ಸೊಂಟದಲ್ಲಿ ತೂಗುತ್ತಿದ್ದ ಅಪ್ಪನ ದಪ್ಪ ರಿವಾಲ್ವರ್ ಎತ್ತಿ ಹಿಡಿಯುವುದಿರಲಿ, ಕಾಫಿ ಲೋಟ ಎತ್ತಿದರೂ ಕೈ ನಡುಗುತ್ತಿತ್ತು. ಆಗ ಟ್ವೈಲಾ ಇದೇ ಅಂಗಡಿಯಿಂದ ಹಳೆಯದೊಂದು ಹನ್ನೆರಡು ಬೋರಿನ ಪಂಪ್ ಕೋವಿ, ಗಿಡ್ಡ ನಳಿಗೆಯದು, ನಳಿಗೆಯ ಕೆಳಗಿನ ಹಿಡಿ ಎಳೆದರೆ ಮುಂದಿನ ತೋಟಾ ಒಳಬರುವಂಥದ್ದು, ಜೊತೆಗೆ ಒಂಟಿ ಗುಂಡಿನ ತೋಟಾಗಳ ಎರಡು ಪೆಟ್ಟಿಗೆ ಒಯ್ದಿದ್ದಳು. ಭುಜಕ್ಕೆ ಒತ್ತಿಕೊಂಡು ಹೊಡೆಯುವ ಕೋವಿಯಾದರೆ ಭಾರವೆಲ್ಲ ಭುಜದ ಮೇಲೆ, ಮಣಿಕಟ್ಟಿಗೆ ಅಷ್ಟು ಪೆಟ್ಟಿಲ್ಲ ಎಂಬುದು ಅವಳ ಯೋಚನೆ. ಸೆಪ್ಟೆಂಬರಿನಲ್ಲಿ ಹಳ್ಳದ ಪೊದೆಗಳ ಹತ್ತಿರ ಕರಡಿ ಲೋರಿನ್‌ನನ್ನು ಕೊಂದಿತು. ಶವಪೆಟ್ಟಿಗೆ ಇನ್ನೂ ಮಣ್ಣಿಗಿಳಿದಿರಲಿಲ್ಲ, ಆರ್ವೆಲ್ ನೂರು ಜನರ ಮುಂದೆ ಅಂದುಬಿಟ್ಟ, "ಬಾತುಕೋಳಿ ಹೊಡಿಯೋ ಕೋವಿ ಕೊಟ್ಟು ಕಳಿಸಿದ್ಲು ನನ್ನ ಮಗನ್ನ."

ಮದುವೆಯಾದಾಗಿನಿಂದ ಅವಳು ಆ ಮುದುಕನನ್ನು ಅಪ್ಪ ಎಂದೇ ಕರೆದಿದ್ದಳು. ಅವತ್ತು ಅವನು ಅದನ್ನೂ ಕಿತ್ತುಕೊಂಡ. ನಾನು ನಿನ್ನ ಅಪ್ಪ ಅಲ್ಲ ಎಂದ. ಅಂದಿನಿಂದ ಅವಳ ಬಾಯಲ್ಲಿ ಅವನು ಬರೀ ಆರ್ವೆಲ್.

ಬರ್ಡೆಟ್ ಗಾಜಿನ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಅವಳನ್ನೇ ನೋಡಿದ. "ಮತ್ತೆ ಬಂದ್ಯಾ ತಾಯಿ. ಈ ಸಲ ಯಾರಿಗೆ?"

"ನನಗೇ," ಎಂದಳು ಟ್ವೈಲಾ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವಿಷಯ ಎಲ್ಲರಿಗೂ ಗೊತ್ತಿತ್ತು. ಅವಳು ಇರುವ ಮನೆ ದನಗಾವಲಿನವನ ಮನೆ, ಒಂಬತ್ತು ಮನೆಯವರ ಸಂಘದ್ದು. ಕೆಲಸ ಯಾರದೋ ಮನೆ ಅವರದು. ಚಳಿಗಾಲ ಕಳೆಯಲಿ ಎಂದು ಬಿಟ್ಟಿದ್ದರು. ಈಗ ಜೂನ್ ಬಂದಿತ್ತು. ಗಂಡನ ಕೆಲಸ ನಾನೇ ಮಾಡುತ್ತೇನೆ, ಕುದುರೆಗಳು ನನ್ನವು, ಹತ್ತು ಬೇಸಿಗೆ ಅವನ ಜೊತೆ ಅಲ್ಲೇ ಇದ್ದವಳು ನಾನು ಎಂದು ಅವಳು ಅರ್ಜಿ ಕೊಟ್ಟಿದ್ದಳು. ಸಂಘದ ಯಜಮಾನ ಆರ್ವೆಲ್‌ನೇ. ಅವನಿಗೆ ಆ ಕೆಲಸ ತಂಗಿಯ ಮಗ ಟ್ಯಾಡ್‌ಗೆ ಹೋಗಬೇಕಿತ್ತು. ಆದರೆ ಪೀಪಾಯಿ ಪರೀಕ್ಷೆ ದಾಟಿದ ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ, ಅದು ಆರ್ವೆಲ್‌ನ ಅಪ್ಪನೇ ಮಾಡಿಟ್ಟ ಕಟ್ಟಳೆ. ಹಾಗಾಗಿ ಶನಿವಾರ ಬಾ, ನೋಡೋಣ ಎಂದಿದ್ದ. ಶನಿವಾರ ಸೋತರೆ ಭಾನುವಾರ ಮನೆ ಖಾಲಿ ಮಾಡಬೇಕು. ಹೋಗುವುದಕ್ಕೆ ಅವಳಿಗೆ ಇನ್ನೊಂದು ಜಾಗವಿರಲಿಲ್ಲ.

ಬರ್ಡೆಟ್ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ನಲವತ್ನಾಲ್ಕರ ಮ್ಯಾಗ್ನಮ್ ರಿವಾಲ್ವರ್. ಅದಕ್ಕಿಂತ ದಪ್ಪನೆಯ ಇನ್ನೊಂದು, ಅದನ್ನು ನೋಡಿದರೇ ಕೈ ನೋಯುವಂಥದ್ದು. ಒಂದು ಲಿವರ್ ರೈಫಲ್, ಅದರ ಗುಂಡು ಹೆಬ್ಬೆರಳಷ್ಟಿತ್ತು. ಮಾರಾಟಕ್ಕಿಂತ ಉಪದೇಶ ಜಾಸ್ತಿ. ಗ್ರಿಜ್ಲಿ ಅಂದರೆ ಏಳುನೂರು ಪೌಂಡ್ ಸಿಟ್ಟು ಎಂದ, ಮೂವತ್ತು ಗಜ ಓಡಿ ಬರಲು ಅದಕ್ಕೆ ಎರಡು ಸೆಕೆಂಡ್ ಸಾಕು ಎಂದ, ಮೂಳೆ ಒಡೆಯದ ಕೋವಿ ಕೋವಿಯೇ ಅಲ್ಲ ಎಂದ. ಹೋದ ಸಲ ನನ್ನ ಮಾತು ಕೇಳಿದ್ದರೆ ಎಂದು ಶುರುಮಾಡಿ ನಿಲ್ಲಿಸಿದ. ಹೋದ ಸಲ ಅವನು ಇಂಥ ಮಾತು ಒಂದೂ ಆಡಿರಲಿಲ್ಲ, ಒಳ್ಳೇ ಕೋವಿ ಎಂದು ತಾನೇ ಕಾಗದ ಸುತ್ತಿ ಕೊಟ್ಟಿದ್ದ. ಟ್ವೈಲಾಗೆ ಅದು ನೆನಪಿತ್ತು, ಅವನಿಗೂ ನೆನಪಿತ್ತು. ನಾಚಿಕೆ ಮಾತ್ರ ಇರಲಿಲ್ಲ.

"ಲೋರಿನ್ ಗುಂಡು ತಾಗಿಸ್ದ ಅಂತೆ," ಎಂದ ಕಾಫಿ ಕುಡಿಯುತ್ತಿದ್ದ ಒಬ್ಬ, ಹೊಗೆಸೊಪ್ಪಿನ ರಸವನ್ನು ಕಾಗದದ ಲೋಟಕ್ಕೆ ಉಗಿದು. "ಆರ್ವೆಲ್ ಹೇಳಿದ್ದು. ಕರಡಿಗೆ ಸೊಳ್ಳೆ ಕಚ್ಚಿದಷ್ಟೂ ಆಗ್ಲಿಲ್ವಂತೆ."

ನಾಲ್ವರಲ್ಲಿ ಟ್ಯಾಡ್ ಕೂಡ ಇದ್ದ. ಅವನು ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು ಹೊರಗೆ ಹೋದ. ತನ್ನ ಕೆಲಸಕ್ಕೆ ಅಡ್ಡ ಬಂದವಳ ಮುಖ ನೋಡಲಾರದೆ ಹೋದ ಎಂದುಕೊಂಡಳು ಟ್ವೈಲಾ.

ಅವಳು ನಲವತ್ನಾಲ್ಕನ್ನು ಕೊಂಡಳು. ಊರವರಿಗೆ ಹೆದರಿ ಅಲ್ಲ. ಎಂಟು ತಿಂಗಳಲ್ಲಿ ಅವಳೊಳಗೂ ಒಬ್ಬ ಆರ್ವೆಲ್ ಬಂದು ಕೂತಿದ್ದ. ನೀನೇ ಅಲ್ಲವೇ ತಂದುಕೊಟ್ಟದ್ದು, ನೀನೇ ಅಲ್ಲವೇ ಇದು ಸಾಕು ಅಂದದ್ದು ಎಂದು ಅವನು ಬೆಳಗಿಂದ ಸಂಜೆತನಕ ಕುಟುಕುತ್ತಿದ್ದ. ದೊಡ್ಡ ಕೋವಿ ಕೊಂಡರೆ ಅವನ ಬಾಯಾದರೂ ಮುಚ್ಚೀತು ಎಂಬ ಆಸೆ.

ಪೀಪಾಯಿ ಪರೀಕ್ಷೆ ಅಂದರೆ ಹೀಗೆ. ದನ ಮೇಲಕ್ಕೆ ಏರುವ ಮುಂಚಿನ ಶನಿವಾರ ಗುಡ್ಡದ ಮೇಲಿಂದ ಎಣ್ಣೆ ಪೀಪಾಯಿಯೊಂದನ್ನು ಉರುಳಿಸಿ ಬಿಡುತ್ತಾರೆ, ಉರುಳಿಸಿದವರು ಬಂಡೆ ಹಿಂದೆ ಅವಿತುಕೊಳ್ಳುತ್ತಾರೆ. ಕೆಳಗೆ ಸುಣ್ಣ ಬಳಿದ ಕಲ್ಲುಗಳ ಗೆರೆ. ಗೆರೆಯ ಈಚೆ ನೀವು ಕೋವಿ ಹಿಡಿದು ನಿಲ್ಲಬೇಕು. ಪೀಪಾಯಿ ಪುಟಿಯುತ್ತ, ಕಲ್ಲಿಗೆ ತಾಗಿ ದಿಕ್ಕು ಬದಲಿಸುತ್ತ, ದಡಬಡ ಸದ್ದು ಮಾಡುತ್ತ ಮೈಮೇಲೇ ಬರುತ್ತದೆ. ಗೆರೆ ಮುಟ್ಟುವುದರೊಳಗೆ ಅದಕ್ಕೆ ಎರಡು ಗುಂಡು ತಾಗಿದರೆ ಪಾಸು. ಪಾಸಾದವರಿಗೆ ಯಜಮಾನ ಮೇಲಿನ ಗುಡಿಸಲಿನ ಬೀಗದ ಕೈ ಕೊಡುತ್ತಾನೆ. ಆಮೇಲೆ ಪಾಸಾದವರದೂ ಒಂದು ಹಕ್ಕು ಉಂಟು. ನೆರೆದವರಲ್ಲಿ ಯಾರನ್ನಾದರೂ ಒಬ್ಬರನ್ನು ಗೆರೆಗೆ ಕರೆಯಬಹುದು. ಕರೆಸಿಕೊಂಡವರು ಅದೇ ಕೋವಿ, ಅದರಲ್ಲಿ ತುಂಬಿದ್ದನ್ನೇ ಹಿಡಿದು ಪೀಪಾಯಿಗೆ ಎದುರು ನಿಲ್ಲಬೇಕು, ಇಲ್ಲ ಅನ್ನುವ ಹಾಗಿಲ್ಲ. ಇದು ಬರೀ ತಮಾಷೆಗೆ. ಒಮ್ಮೆ ಪಾದ್ರಿಯನ್ನು ಕರೆದಿದ್ದರು, ಅವರು ಹೊಡೆದ ಏಟಿಗೆ ತಾವೇ ಅಂಗಾತ ಬಿದ್ದು ಕಣಿವೆ ಒಂದು ವಾರ ನಕ್ಕಿತ್ತು.

ಸೋಮವಾರದಿಂದ ಟ್ವೈಲಾ ಮನೆಯ ಹಿಂದೆ ಹುಲ್ಲಿನ ಪಿಂಡಿಗೆ ತಟ್ಟೆ ಸಿಕ್ಕಿಸಿ ಹೊಡೆಯಲು ಶುರುಮಾಡಿದಳು. ಮೊದಲ ಗುಂಡಿಗೇ ರಿವಾಲ್ವರ್ ಹಣೆಯತ್ತ ಹಾರಿ ಬಂತು. ಮೂರನೆಯದರ ಹೊತ್ತಿಗೆ, ಟ್ರಿಗರ್ ಎಳೆಯುವ ಮೊದಲೇ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕೈ ಕೆಳಗೆ ಜಗ್ಗುತ್ತಿತ್ತು, ಗುಂಡು ನೆಲಕ್ಕೆ ಹೋಗುತ್ತಿತ್ತು. ಬುಧವಾರದ ತನಕ ಅರವತ್ತು ಗುಂಡು ಸುಟ್ಟಳು, ತಟ್ಟೆಗೆ ತಾಗಿದ್ದು ಏಳು. ಅದೂ ತಟ್ಟೆ ಸುಮ್ಮನೆ ಕೂತಿದ್ದಾಗ. ಹೆಬ್ಬೆರಳ ಬುಡ ಊದಿ ಕೆಂಪಗಾಗಿ, ಕುದುರೆಗೆ ಜೀನು ಬಿಗಿಯಲೂ ಆಗದ ಹಾಗಾಯಿತು. ಹುಲ್ಲಿನ ಮೇಲೆ ಕೂತು ಅವಳು ಅತ್ತಳು. ನೋವಿಗಲ್ಲ, ಸಿಟ್ಟಿಗೆ. ತನ್ನನ್ನು ಓಡಿಸಲು ಆ ಮುದುಕ ಏನೂ ಮಾಡಬೇಕಾಗಿಯೇ ಇರಲಿಲ್ಲ, ಈ ಕಬ್ಬಿಣದ ತುಂಡೇ ಅವನ ಕೆಲಸ ಮಾಡುತ್ತಿತ್ತು.

ಗುರುವಾರ ಬೆಳಿಗ್ಗೆ ಶೆರಿಫ್ ಕಚೇರಿಯ ಗಾಡಿ ಬಂದು ನಿಂತಿತು. ಇಳಿದವಳು ಡೆಪ್ಯುಟಿ ಸ್ಯಾಂಡೋವಲ್, ಲೋರಿನ್‌ನ ಸಾವಿನ ತನಿಖೆ ಮಾಡಿದವಳು. ಕಣಿವೆಯಲ್ಲಿ ಹುಟ್ಟಿದವಳಲ್ಲ, ಅದಕ್ಕೇ ಇರಬೇಕು, ಟ್ವೈಲಾಳ ಜೊತೆ ಮನುಷ್ಯರ ಹಾಗೆ ಮಾತಾಡುತ್ತಿದ್ದಳು. ಕಡತ ಮುಗಿಯಿತು ಎಂದು ಹೇಳಿ ಉದ್ದನೆಯ ಕಾಗದದ ಚೀಲವೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಲೋರಿನ್‌ನ ಕೋವಿ. ಜೊತೆಗೊಂದು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ತೋಟಾ.

"ಒಂದು ಹೊಡ್ದಿದಾರೆ, ಪಂಪ್ ಎಳ್ದು ಎರಡನೇದು ಒಳಗೆ ತಂದಿದಾರೆ. ಅಷ್ಟರಲ್ಲೇ ಕರಡಿ ಮೈಮೇಲೆ ಬಂದಿದೆ," ಎಂದಳು ಸ್ಯಾಂಡೋವಲ್. ಕರಡಿ ಓಡಿಸುವ ಖಾರದ ಸ್ಪ್ರೇ ಡಬ್ಬಿ ಜೀನಿನ ಚೀಲದಲ್ಲೇ ಇತ್ತು, ಕುದುರೆ ಅದನ್ನೂ ಹೊತ್ತು ಓಡಿತ್ತು. ಹೊಡೆದ ತೋಟಾದ ಖಾಲಿ ಚಿಪ್ಪು ಮಾತ್ರ ಸಿಗಲಿಲ್ಲವಂತೆ. ಹುಲ್ಲು ಎದೆಮಟ್ಟ ಇತ್ತು, ಇಡೀ ದಿನ ಹುಡುಕಿದೆವು, ನಿಮ್ಮ ಮಾವನೂ ಟ್ಯಾಡ್‌ನೂ ನಮಗಿಂತ ಮೊದಲು ಓಡಾಡಿ ಹುಲ್ಲು ತುಳಿದಿದ್ದರು ಎಂದಳು. ಒಂದು ರುಜು ಹಾಕಿಸಿಕೊಂಡು ಹೊರಟುಹೋದಳು.

ಟ್ವೈಲಾ ಬಹಳ ಹೊತ್ತು ಕೋವಿ ಮುಟ್ಟಲಿಲ್ಲ. ತೋಟಾಗಳನ್ನಾದರೂ ಎತ್ತಿಡೋಣ ಎಂದು ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದಳು. ಅವಳು ಕೊಂಡ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಅವಳೂ ಲೋರಿನ್‌ನೂ ಹಿತ್ತಲಲ್ಲಿ ಹೊಡೆದು ಮುಗಿಸಿದ್ದರು, ಇದು ಎರಡನೆಯದು, ಮೇಲಕ್ಕೆ ಹೋಗುವಾಗ ತುಂಬಿಕೊಳ್ಳಲೆಂದು ಇಟ್ಟದ್ದು. ಒಂದು ಪೆಟ್ಟಿಗೆಯಲ್ಲಿ ಐದು ತೋಟಾ. ಆ ಕೋವಿ ಹಿಡಿಯುವುದೂ ಐದೇ. ಖಾಲಿ ಪೆಟ್ಟಿಗೆ ಎಂದು ತೆರೆದರೆ ಒಳಗೆ ಒಂದು ತೋಟಾ ಇತ್ತು.

ಅವಳು ಅದರ ಪಕ್ಕದಲ್ಲಿ ನಾಲ್ಕನ್ನೂ ಜೋಡಿಸಿದಳು. ಪೆಟ್ಟಿಗೆ ತುಂಬಿತು. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ, ಒಂದೂ ಕಡಿಮೆಯಿಲ್ಲದೆ ತುಂಬಿ ಕೂತಿತು.

ಐದೂ ಗುಂಡು ಇಲ್ಲೇ ಇದ್ದರೆ ಲೋರಿನ್ ಕರಡಿಗೆ ಹೊಡೆದದ್ದು ಏನನ್ನು? ಮೊದಲು ಬಾಯಿಗೆ ಬಂದ ಉತ್ತರವನ್ನು ಅವಳು ನಂಬಲಿಲ್ಲ. ಮತ್ತೆ ಮತ್ತೆ ಎಣಿಸಿದಳು. ಆಮೇಲೆ ಒಂದು ಬೆಳಗಿನ ತಿಂಡಿಯ ನೆನಪು ಬಂತು. ಲೋರಿನ್ ಗ್ರೇವಿಯಲ್ಲಿ ಬಿಸ್ಕೆಟ್ ಅದ್ದುತ್ತಾ ಹೇಳಿದ್ದ, ಎರಡು ವರ್ಷದಲ್ಲಿ ನಮ್ಮವರು ಮೂರು ಕರಡಿ ಕೊಂದಾಯ್ತು, ಇನ್ನೊಂದು ಸತ್ತರೆ ಅರಣ್ಯ ಇಲಾಖೆಯವರು ಹುಲ್ಲುಗಾವಲು ಮುಚ್ಚುತ್ತಾರಂತೆ, ಅಪ್ಪ ತಲೆ ಕೆಡಿಸಿಕೊಂಡಿದ್ದಾನೆ, ಏನೋ ಒಂದು ದಾರಿ ಮಾಡಿದ್ದಾನೆ ಎಂದು. ಏನು ದಾರಿ ಎಂದು ಅವಳು ಕೇಳಿರಲಿಲ್ಲ. ಕೈಯಲ್ಲಿ ಕೆಲಸವಿತ್ತು.

ಟ್ಯಾಡ್ ಕೊಟ್ಟಿಗೆ ಬೇಲಿಯ ಹತ್ತಿರ ಕರುಗಳ ಕಿವಿಗೆ ಗುರುತಿನ ಓಲೆ ಹಾಕುತ್ತಿದ್ದ. ಟ್ವೈಲಾ ಗಾಡಿ ಇಳಿದು ಸೀದಾ ಹೋಗಿ ಅವನ ಎದುರು ನಿಂತಳು. ಕುಶಲ ಗಿಶಲ ಏನೂ ಇಲ್ಲ.

"ನಿನ್ನ ಕೋವೀಲಿ ಮೊದಲ ತೋಟಾ ಯಾವ್ದು, ಟ್ಯಾಡ್?"

ಅವನು ಕೈಯಲ್ಲಿದ್ದ ಇಕ್ಕಳ ನೋಡಿದ, ಕರು ನೋಡಿದ, ಗುಡ್ಡ ನೋಡಿದ. ಕೊನೆಗೆ, "ಪಟಾಕಿ," ಎಂದ. "ಎಲ್ಲಾರ ಕೋವೀಲೂ ಅದೇ. ಯಜಮಾನರ ಮಾತು."

ಪಟಾಕಿ ತೋಟಾ ಎಂದರೆ ಟ್ವೈಲಾಗೆ ಹೇಳಿಕೊಡಬೇಕಾಗಿರಲಿಲ್ಲ. ಚಳಿಗಾಲದಲ್ಲಿ ಎಲ್ಕ್ ಜಿಂಕೆಗಳ ಹಿಂಡು ಹುಲ್ಲಿನ ಬಣವೆಗೆ ಬಂದಾಗ ಅವಳೂ ಎಷ್ಟೋ ಸಲ ಹಾರಿಸಿದ್ದಳು. ಅದರಲ್ಲಿ ಗುಂಡಿಲ್ಲ. ನಳಿಗೆಯಿಂದ ಹಾರಿ ನೂರು ಗಜ ಆಚೆ ಹೋಗಿ ಢಮ್ಮೆಂದು ಸಿಡಿಯುತ್ತದೆ, ಅಷ್ಟೇ. ಪ್ರಾಣಿಗೂ ಬಣವೆಗೂ ನಡುವೆ ಸಿಡಿಯಬೇಕು, ಆಗ ಪ್ರಾಣಿ ಹಿಂದಕ್ಕೆ ಓಡುತ್ತದೆ. ಪ್ರಾಣಿಯ ಆಚೆ ಸಿಡಿದರೆ ಅದು ಸದ್ದಿಗೆ ಬೆದರಿ ನೇರ ನಮ್ಮ ಕಡೆಗೇ ನುಗ್ಗುತ್ತದೆ. ಬಣವೆ ಕಾದ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ. ಪೊದೆಯಿಂದ ಎದ್ದ ಕರಡಿ ಮೂವತ್ತು ಗಜದಲ್ಲಿತ್ತು. ಲೋರಿನ್ ಟ್ರಿಗರ್ ಎಳೆದ. ಢಮ್ಮೆಂದದ್ದು ಕರಡಿಯ ಬೆನ್ನ ಹಿಂದೆ.

ಉಳಿದದ್ದನ್ನು ಟ್ಯಾಡ್ ತಾನಾಗಿಯೇ ಹೇಳಿದ, ನೆಲ ನೋಡಿಕೊಂಡು. ಕರಡಿ ಸತ್ತರೆ ಹುಲ್ಲುಗಾವಲು ಹೋಗುತ್ತದೆ, ಅದಕ್ಕೆ ಮೊದಲು ಹೆದರಿಸಿ, ಆಮೇಲೆ ಬೇಕಾದರೆ ಗುಂಡು ಎಂದು ಆರ್ವೆಲ್ ಹೋದ ವರ್ಷದ ವಸಂತದಲ್ಲಿ, ಲೋರಿನ್‌ಗೆ ನೆರವಾಗಿ ಸರದಿಯ ಮೇಲೆ ಕಾವಲಿಗೆ ಹೋಗುವ ಐವರಿಗೂ, ಆಗಸ್ಟಿನಲ್ಲಿ ಕೋವಿ ಬಂದ ಮೇಲೆ ಲೋರಿನ್‌ಗೂ ಒಂದೊಂದು ಪಟಾಕಿ ತೋಟಾ ಕೈಗೆ ಹಾಕಿದ್ದ. ಬಾಯಿಮಾತಿನ ಕಟ್ಟಳೆ, ಕಾಗದದ ಮೇಲಿಲ್ಲ. ತೋಟಾ ಮಾರಿದವನು ಬರ್ಡೆಟ್. ಸತ್ತ ದಿನ ಹೆಣದ ಹತ್ತಿರ ಮೊದಲು ತಲುಪಿದವರು ಆರ್ವೆಲ್ ಮತ್ತು ಟ್ಯಾಡ್. ಹುಲ್ಲಲ್ಲಿ ಬಿದ್ದಿದ್ದ ಖಾಲಿ ಚಿಪ್ಪನ್ನು ಮುದುಕ ಹೆಕ್ಕಿ ಅಂಗಿ ಜೇಬಿಗೆ ಹಾಕಿಕೊಂಡದ್ದನ್ನು ಟ್ಯಾಡ್ ಕಣ್ಣಾರೆ ಕಂಡಿದ್ದ.

"ಎಂಟು ತಿಂಗಳು," ಎಂದಳು ಟ್ವೈಲಾ. "ಎಂಟು ತಿಂಗಳು ನೀವೆಲ್ಲಾ ನನ್ನ ಮುಖ ನೋಡ್ಕೊಂಡು ಕಾಫಿ ಕುಡಿದ್ರಿ."

"ಹೇಳಿದ್ರೆ ಲೋರಿನ್ ವಾಪಸ್ ಬರ್ತಿದ್ನಾ?" ಟ್ಯಾಡ್‌ಗೂ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು. "ನಂಗೂ ಮೂರು ಮಕ್ಕಳಿದಾವೆ. ಯಜಮಾನರ ಎದುರು ನಿಂತು ಈ ಕಣಿವೇಲಿ ಬದುಕೋಕಾಗುತ್ತಾ? ನೀನೇ ನೋಡು, ನಿನ್ನ ಗತಿ ಏನಾಯ್ತು."

ಅವನ ಕೆನ್ನೆಗೆ ಬಾರಿಸಬೇಕೆಂದು ಅವಳ ಕೈ ತುರಿಸಿತು. ಬಾರಿಸಲಿಲ್ಲ. ಈ ವರ್ಷವೂ ಅದೇ ಕಟ್ಟಳೆಯಾ ಎಂದು ಮಾತ್ರ ಕೇಳಿದಳು. ಅದೇ ಎಂದ ಟ್ಯಾಡ್. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕಾವಲಿನವರು ಕೇಳುತ್ತಾರಲ್ಲ, ಅದಕ್ಕೇ ಮುದುಕ ಬಿಡಲಿಲ್ಲ.

ಅವತ್ತು ಸಂಜೆಯೇ ಅವಳು ನಲವತ್ನಾಲ್ಕನ್ನು ಬರ್ಡೆಟ್‌ನ ಗಾಜಿನ ಮೇಜಿನ ಮೇಲೆ ದಡಕ್ಕನೆ ಇಟ್ಟು ಬಂದಳು. ಅವನು ಯಾಕೆಂದು ಕೇಳಿದ. ನನ್ನ ಹತ್ತಿರ ಒಳ್ಳೇ ಕೋವಿ ಇದೆ, ನೀನೇ ಮಾರಿದ್ದು ಎಂದಳು. ಮನೆಗೆ ಬಂದು ಲೋರಿನ್‌ನ ಕೋವಿ ಬಿಚ್ಚಿ, ಎಂಟು ತಿಂಗಳ ಧೂಳು ತೆಗೆದು, ಎಣ್ಣೆ ಹಚ್ಚಿ ಒರೆಸಿದಳು. ಒಳಗಿನ ಆರ್ವೆಲ್ ಅಂದು ಮೊದಲ ಸಲ ಸುಮ್ಮನಿದ್ದ. ಹೊರಗಿನವನ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ.

ಶನಿವಾರ ಗುಡ್ಡದ ಕೆಳಗೆ ಅರವತ್ತು ಎಪ್ಪತ್ತು ಜನ. ಎಲ್ಕ್ ಮಾಂಸದ ಸಾರಿನ ದೊಡ್ಡ ಪಾತ್ರೆ, ಕಾಫಿ, ಹೆಂಗಸರು ತಂದ ಸೇಬಿನ ಪೈ. ಟ್ವೈಲಾ ಗಾಡಿಯಿಂದ ಆ ಗಿಡ್ಡ ಕೋವಿ ತೆಗೆದು ಹೆಗಲಿಗೆ ಹಾಕಿಕೊಂಡಾಗ ಸಾರು ಬಡಿಸುವ ಸೌಟೇ ನಿಂತುಹೋಯಿತು. ಗಂಡನನ್ನು ನುಂಗಿದ ಕೋವಿಯನ್ನೇ ತಂದಿದ್ದಾಳೆ, ಎಂಥಾ ಗಟ್ಟಿ ಜೀವ ಇವಳದು ಎಂದು ಒಬ್ಬಳು ಕೇಳುವ ಹಾಗೇ ಹೇಳಿದಳು.

ಆರ್ವೆಲ್ ಗೆರೆಯ ಪಕ್ಕ ನಿಂತಿದ್ದ. ಎಪ್ಪತ್ನಾಲ್ಕು ವರ್ಷ, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೋವಿ ನೋಡಿ ಅವನ ದವಡೆ ಬಿಗಿಯಿತು.

"ನಾಚ್ಕೆ ಆಗಲ್ವಾ ನಿಂಗೆ, ಅದನ್ನ ಹಿಡ್ಕೊಂಡು ಇಲ್ಲಿಗೆ ಬರೋಕೆ?"

"ಆಗುತ್ತೆ," ಎಂದಳು ಟ್ವೈಲಾ. "ಬೇರೆಯವ್ರ ಪಾಲಿಂದೂ ಸೇರಿಸಿ ಆಗುತ್ತೆ. ಪೀಪಾಯಿ ಬಿಡಿ."

ಲೋರಿನ್‌ನ ಆ ಐದು ತೋಟಾಗಳನ್ನೇ ತುಂಬಿಕೊಂಡು ಅವಳು ಗೆರೆಗೆ ನಿಂತಳು. ಮೇಲೆ ಕೂಗು ಎದ್ದಿತು, ಪೀಪಾಯಿ ಹೊರಟಿತು. ಮೊದಲ ಗುಂಡು ಅದರ ಹಿಂದೆ ಮಣ್ಣು ಹಾರಿಸಿತು. ಜನ ನಕ್ಕರು. ಪಂಪ್ ಎಳೆದಳು. ಭುಜಕ್ಕೆ ಏಟು ಬಿತ್ತು, ಆದರೆ ಕಣ್ಣು ಮುಚ್ಚಲಿಲ್ಲ. ಎರಡನೆಯದು ತಗಡಿಗೆ ಬಡಿದ ಸದ್ದು ಕಣಿವೆಯ ಆಚೆ ಬದಿಗೂ ಕೇಳಿತು. ಮೂರನೆಯದಕ್ಕೆ ಪೀಪಾಯಿ ಪಕ್ಕಕ್ಕೆ ಹಾರಿ, ಉರುಳಿ, ಗೆರೆಗೆ ಹದಿನೈದು ಹೆಜ್ಜೆ ಇರುವಾಗಲೇ ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಟ್ಟಳೆ ಕಟ್ಟಳೆಯೇ. ಆರ್ವೆಲ್ ಮುಖ ಗಂಟಿಕ್ಕಿಕೊಂಡೇ ಹತ್ತಿರ ಬಂದು ಗುಡಿಸಲಿನ ಬೀಗದ ಕೈ ಅವಳ ಅಂಗೈಗೆ ಹಾಕಿದ. ಆಮೇಲೆ ಜೇಬಿಂದ ಒಂದು ತೋಟಾ ತೆಗೆದು ಅದರ ಪಕ್ಕದಲ್ಲಿಟ್ಟ. ಗಟ್ಟಿಯಾಗಿ ಹೇಳಲಿಲ್ಲ, ಅವಳಿಗಷ್ಟೇ ಕೇಳುವ ಹಾಗೆ, ಇದು ಮೊದಲು, ನನ್ನ ದನ ಕಾಯೋರಿಗೆಲ್ಲ ಇದೇ ನಿಯಮ ಎಂದ. ಕಾವಲಿನ ಐವರೂ ಟೋಪಿ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದರು.

ಟ್ವೈಲಾ ಆ ತೋಟಾವನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಇದು ಪಟಾಕಿ," ಎಂದಳು, ಹಿಂದೆ ಕೂತ ಮುದುಕಿಯರಿಗೂ ಕೇಳುವಷ್ಟು ಜೋರಾಗಿ. "ಲೋರಿನ್ ಕೋವೀಲಿ ಮೊದಲನೇದು ಇದೇ ಇತ್ತು. ಯಜಮಾನರು ಕೊಟ್ಟದ್ದು. ನನಗೂ ಈಗ ಕೊಟ್ರು. ಒಳ್ಳೇದೋ ಕೆಟ್ಟದ್ದೋ ನಂಗೊತ್ತಿಲ್ಲ, ನಾನು ಬಾತುಕೋಳಿ ಕೋವಿ ಹೆಂಗ್ಸು. ನನ್ನ ಹಕ್ಕಿನ ಕರೆ ಕರೀತಿದೀನಿ. ಆರ್ವೆಲ್ ಮೀಚಮ್, ಗೆರೆಗೆ ಬನ್ನಿ."

ಕೋವಿಯಲ್ಲಿ ಉಳಿದಿದ್ದ ಎರಡು ಗುಂಡನ್ನು ಕೆಳಗಿನ ಕೊಳವೆಗೇ ಬಿಟ್ಟು, ಪಟಾಕಿ ತೋಟಾವನ್ನು ನಳಿಗೆಯ ಬುಡಕ್ಕೆ ಇಟ್ಟು ಮುಚ್ಚಿ, ಎರಡೂ ಕೈಯಲ್ಲಿ ಅವನಿಗೆ ಒ‍ಡ್ಡಿದಳು. ಅವಳ ಯೋಚನೆ ಸುಲಭದ್ದು. ಮುದುಕ ಅದನ್ನು ಹಾರಿಸುತ್ತಾನೆ, ಅದು ಪೀಪಾಯಿಯ ಹಿಂದೆ ಎಲ್ಲೋ ಢಮ್ಮೆನ್ನುತ್ತದೆ, ಪೀಪಾಯಿ ಬರುವುದು ಬರುತ್ತಲೇ ಇರುತ್ತದೆ, ಜನ ಕಣ್ಣಾರೆ ನೋಡುತ್ತಾರೆ. ಅಷ್ಟಾದರೆ ಸಾಕಿತ್ತು ಅವಳಿಗೆ.

ಇಲ್ಲ ಅನ್ನುವ ಹಾಗಿರಲಿಲ್ಲ. ಆರ್ವೆಲ್ ಕೋವಿ ಕಿತ್ತುಕೊಂಡವನಂತೆ ತೆಗೆದುಕೊಂಡ. ಗೆರೆಗೆ ನಿಂತು ಕಾಲು ಅಗಲಿಸಿದ. ಮೇಲಿನವರಿಗೆ ಕೈ ಎತ್ತಿದ. ಎರಡನೆಯ ಪೀಪಾಯಿ ಹೊರಟಿತು. ಇದು ಮೊದಲಿನದಕ್ಕಿಂತ ಜೋರು, ಒಂದು ಬಂಡೆಗೆ ಬಡಿದು ಆಳೆತ್ತರ ಹಾರಿ ನೇರ ಅವನತ್ತಲೇ ತಿರುಗಿತು.

ಹೊಡೆಯದ ತೋಟಾವನ್ನು ಆ ಕೋವಿಯಿಂದ ಹೊರಗೆ ತೆಗೆಯಬೇಕಾದರೆ ಟ್ರಿಗರಿನ ಪಕ್ಕದ ಸಣ್ಣ ಗುಂಡಿಯೊಂದನ್ನು ಒತ್ತಿ ಪಂಪ್ ಎಳೆಯಬೇಕು. ಕೈತಪ್ಪಿ ಆಗುವ ಕೆಲಸವಲ್ಲ ಅದು. ಅರವತ್ತು ವರ್ಷ ಕೋವಿ ಹಿಡಿದ ಮುದುಕನ ಬೆರಳು ಆ ಗುಂಡಿಯನ್ನು ಹುಡುಕಿಕೊಂಡಿತು. ಒತ್ತಿತು. ಪಂಪ್ ಹಿಂದಕ್ಕೆ ಬಂತು. ಪಟಾಕಿ ತೋಟಾ ಹಾರಿ ಹುಲ್ಲಿನ ಮೇಲೆ ಬಿತ್ತು. ಗುಂಡು ಒಳಗೆ ಬಂತು, ಕೋವಿ ಗುಡುಗಿತು, ತಗಡು ಗಣಗಣ ಎಂದಿತು. ಇನ್ನೊಂದು ಗುಂಡು. ಪೀಪಾಯಿ ಗೆರೆಯ ಎಷ್ಟೋ ಆಚೆಯೇ ಮಗುಚಿ ಬಿತ್ತು.

ಅಭ್ಯಾಸಬಲದಿಂದ ಯಾರೋ ಒಬ್ಬರು ಚಪ್ಪಾಳೆಗೆ ಕೈ ಎತ್ತಿದರು. ಆಮೇಲೆ ಹುಲ್ಲಿನ ಮೇಲೆ ಬಿದ್ದದ್ದನ್ನು ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಆರ್ವೆಲ್‌ನೂ ನೋಡಿದ, ತನ್ನ ಕೈ ಏನು ಮಾಡಿತೆಂದು ಅವನಿಗೆ ಆಗಲೇ ಗೊತ್ತಾದದ್ದು.

ಟ್ವೈಲಾ ಬಗ್ಗಿ ತೋಟಾ ಎತ್ತಿಕೊಂಡಳು. ಅಂಟಿದ್ದ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸಿ, ಅವನ ಬಿಳಿ ಅಂಗಿಯ ಜೇಬಿಗೆ ಹಾಕಿದಳು. ತನ್ನ ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಲೋರಿನ್ ನಿಮ್ಮ ಮಾತು ಕೇಳ್ದ, ಅಪ್ಪ," ಎಂದಳು.

ಬೀಗದ ಕೈ ಜೇಬಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು ಗಾಡಿಯ ಕಡೆ ನಡೆದಳು. ಸೋಮವಾರ ದನ ಏರಿಸಬೇಕಿತ್ತು, ಕುದುರೆಗಳ ಲಾಳ ನೋಡಬೇಕಿತ್ತು. ಯಾರೋ ಹೆಂಗಸು ಅವಳ ಹೆಸರು ಕೂಗಿ, ಪೈ ತಿಂದು ಹೋಗು ಎಂದಳು. ಟ್ವೈಲಾ ತಿರುಗಿ ನೋಡಲಿಲ್ಲ. ಆ ಪೈ ಎಂಟು ತಿಂಗಳು ತಡವಾಗಿತ್ತು.

ಆರ್ವೆಲ್ ಗೆರೆಯ ಹತ್ತಿರ ಬಹಳ ಹೊತ್ತು ನಿಂತಿದ್ದ. ಆಮೇಲೆ ನಿಧಾನವಾಗಿ ನಡೆದು, ಗಂಡಸರು ಗುಂಪುಗೂಡಿದ್ದ ಕಾಫಿ ಪಾತ್ರೆಯ ಹತ್ತಿರ ಹೋದ. ಅವನು ಬಂದ ಕೂಡಲೇ ಅವರ ಮಾತು ನಿಂತಿತು.